ಮುಂದಿನ ಸೀಟಿನ ಷರತ್ತು

ಹಳದಿ ಚೀಟಿಯ ಕೊನೆಯ ಸಾಲಿನಲ್ಲಿ ಒಂದು ಷರತ್ತು ಇತ್ತು: 'ಮುಂದಿನ ಸೀಟಿನಲ್ಲಿ ಕೂರುವವರು ನಿದ್ದೆ ಮಾಡಬಾರದು. ಮಾತಾಡುತ್ತಿರಬೇಕು.'

ನಾನು ಅದನ್ನು ಮೂರು ಸಲ ಓದಿದೆ. ಓದುವುದು ನನ್ನ ಕೆಲಸ. ಮೂರು ಸಲ ಓದುವುದು ನನ್ನ ರೋಗ.

ನಮ್ಮ ಕಾರ್ಖಾನೆಗಳ ಗೇಟಿನ ಪಕ್ಕದ ಬೋರ್ಡಿನ ಮೇಲೆ, ಕಾರಿನಲ್ಲಿ ಜೊತೆಯಾಗಿ ಬಂದುಹೋಗಲು, ಕಾರಿದ್ದವರು ಹಳದಿ ಚೀಟಿ ಅಂಟಿಸುತ್ತಿದ್ದರು, ಇಲ್ಲದವರು ಬಿಳಿ ಚೀಟಿ. ಮೊದಲ ತಿಂಗಳು ಅಲ್ಲಿ ನಾಲ್ಕೈದು ಚೀಟಿಗಳಿದ್ದವು, ಅಷ್ಟೇ. ಆಮೇಲೆ ಒಂದು ನಿಯಮ ಬಂತು. ನಾಲ್ಕು ಜನರಿಲ್ಲದ ಕಾರನ್ನು ಗೇಟಿನೊಳಗೆ ಬಿಡುವುದಿಲ್ಲ; ಅಂಥವರು ಹೊರಗಿನ ಬಯಲಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ನಡೆಯಬೇಕು. ಅಂದಿನಿಂದ ಬೋರ್ಡಿನಲ್ಲಿ ಚೀಟಿಯ ಮೇಲೆ ಚೀಟಿ. ಮ್ಯಾನೇಜರುಗಳು ತಮ್ಮ ಗುಮಾಸ್ತರ ಕಾರಿನಲ್ಲಿ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬರತೊಡಗಿದರು. ಲಿಫ್ಟಿನಲ್ಲಿ ಮುಖ ತಿರುಗಿಸುತ್ತಿದ್ದವರು ಒಂದೇ ಕಿಟಕಿಯ ಗಾಳಿಗೆ ಜಗಳವಾಡತೊಡಗಿದರು.

ನಾನು ಎರಡು ಬಸ್ ಬದಲಾಯಿಸಿ, ಹೋಗಲು ಒಂದೂ ಮುಕ್ಕಾಲು ಗಂಟೆ, ಬರಲು ಎರಡು ಗಂಟೆ ಕಳೆಯುತ್ತಿದ್ದವಳು. ಮನೆಗೆ ಬಂದರೆ ಚಪ್ಪಲಿ ಬಿಚ್ಚಲೂ ಬೇಸರ. ಆ ಚೀಟಿಯ ದಾರಿ ನನ್ನ ಮನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತಿತ್ತು. ಆದರೆ ಮಾತಾಡುತ್ತಿರಬೇಕು ಎಂದರೇನು ಅರ್ಥ? ಇದೆಂಥ ಮನುಷ್ಯ?

"ಏನ್ ಮೇಡಂ, ಪರೀಕ್ಷೆಗೆ ಓದೋ ಹಾಗೆ ಓದ್ತಿದ್ದೀರಿ?" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದೆ. ನಲವತ್ತರ ಆಸುಪಾಸಿನ ಗಂಡಸು. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡದ ಮುಖ. ಕಣ್ಣಿನ ಕೆಳಗೆ ಯಾರೋ ಹೆಬ್ಬೆಟ್ಟು ಒತ್ತಿದಂಥ ಕಪ್ಪು.

"ಈ ಷರತ್ತು ಬರೆದವರು ಸ್ವಲ್ಪ ವಿಚಿತ್ರ ಅನ್ಸುತ್ತೆ," ಎಂದೆ.

"ಹೌದು, ವಿಚಿತ್ರವೇ. ನಾನೇ ಅದು."

ನೆಲ ಬಿರಿಯಲಿಲ್ಲ. ಬಿರಿದಿದ್ದರೆ ಒಳಗೆ ಹೋಗಿ ಕೂತುಬಿಡುತ್ತಿದ್ದೆ.

ಅವರು ನಗಲಿಲ್ಲ. ಆದರೆ ಎಡಗಣ್ಣು ಮಾತ್ರ ಸ್ವಲ್ಪ ಕಿರಿದಾಯಿತು. "ನನಗೆ ರಾತ್ರಿ ನಿದ್ದೆ ಆಗಲ್ಲ ಮೇಡಂ. ಹೋದ ತಿಂಗಳು ರಸ್ತೆ ಮಧ್ಯದ ಗೋಡೆಗೆ ಒಂದು ಗೇಣು ದೂರದಲ್ಲಿ ಎಚ್ಚರ ಆಯ್ತು. ಪಕ್ಕದಲ್ಲಿ ಯಾರಾದ್ರೂ ಮಾತಾಡ್ತಿದ್ರೆ ಕಣ್ಣು ಮುಚ್ಚಲ್ಲ. ಅಷ್ಟೇ."

ನಾನು ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದವಳು. ಕೊನೆಯ ಪೀರಿಯಡ್ಡಿನಲ್ಲಿ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದು, ಗಲ್ಲ ಎದೆಗೆ ತಾಗಿ ಬೆಚ್ಚಿ ಏಳುವುದು ನನಗೆ ಗೊತ್ತಿತ್ತು. ಆ ಮನುಷ್ಯನನ್ನು ನಂಬಿದೆ.

* * *

ಅವರು ಕಾರ್ಖಾನೆಗಳ ತೂಕದ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸುವವರು. ಎಲ್ಲರೂ ಅವರನ್ನು 'ತೂಕದ ಸರ್' ಎನ್ನುತ್ತಿದ್ದರು. ಕಾರಿನ ಡಿಕ್ಕಿಯಲ್ಲಿ ಮರದ ಪೆಟ್ಟಿಗೆಯಿತ್ತು. ಅದರಲ್ಲಿ ಕಂಚಿನ ಬಣ್ಣದ ತೂಕಗಳು, ದೊಡ್ಡಕ್ಕನಿಂದ ಪುಟ್ಟ ತಂಗಿಯವರೆಗೆ ಸಾಲಾಗಿ. ಅವನ್ನು ಮುಟ್ಟುವಾಗ ಅವರು ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದರು.

ಹಿಂದಿನ ಸೀಟಿನಲ್ಲಿ ಇಬ್ಬರು. ಒಬ್ಬರು ಕ್ಯಾಂಟೀನ್ ನೋಡಿಕೊಳ್ಳುವ ಅಕ್ಕ. ಮಂಡಿನೋವಿನಿಂದ ಕಾಲು ಚಾಚಿ ಕೂರಬೇಕಾದವರು. ಇನ್ನೊಬ್ಬ ಸ್ಟೋರ್ಸಿನಲ್ಲಿ ಕೆಲಸ ಮಾಡುವ ದಪ್ಪ ಮೀಸೆಯವನು. ಬಾಗಿಲು ಹಾಕಿದ ಕೂಡಲೇ ನಿದ್ದೆಗೆ ಬಿದ್ದು ಗೇಟು ಬಂದಾಗ ಏಳುತ್ತಿದ್ದ. ಅಕ್ಕ ಅವನಿಗಿಟ್ಟ ಹೆಸರು ಕುಂಭಕರ್ಣ. ಹೀಗಾಗಿ ಮುಂದಿನ ಸೀಟು ನನ್ನ ಪಾಲಿಗೆ ಬಂತು.

"ನಾನು ಮಾತಾಡೋಕೆ ಶುರು ಮಾಡಿದ್ರೆ ಸರ್ ಸ್ಟೀರಿಂಗ್ ಬಿಟ್ಟು ಓಡಿಹೋಗ್ತಾರೆ," ಎಂದರು ಅಕ್ಕ. "ನೀನೇ ಮಾತಾಡಮ್ಮ. ನಿನ್ನ ದನಿ ಕೇಳೋಕೆ ಸುಖವಾಗಿದೆ."

ನನ್ನ ದನಿಯೇ ನನ್ನ ಹೊಟ್ಟೆಪಾಡು. ಔಷಧಿ ಡಬ್ಬಿಯೊಳಗೆ ಮಡಚಿ ಇಟ್ಟಿರುತ್ತಾರಲ್ಲ, ಯಾರೂ ಓದದ ಒಂದು ತೆಳು ಹಾಳೆ? ಅದು ಅಚ್ಚಾಗುವ ಮುಂಚೆ ನಾವಿಬ್ಬರು ಓದುತ್ತೇವೆ. ಮೂಲಪ್ರತಿಯನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಎದುರು ಕೂತ ಜೊತೆಗಾತಿ ಅಚ್ಚಿನ ಪ್ರತಿಯ ಮೇಲೆ ಬೆರಳಿಟ್ಟು ಹೋಲಿಸುತ್ತಾಳೆ. ಚಿಹ್ನೆಗಳನ್ನೂ ಬಿಡುವಂತಿಲ್ಲ. 'ದಿನಕ್ಕೆ ಒಂದು ಮಾತ್ರೆ ಅಲ್ಪವಿರಾಮ ಊಟದ ನಂತರ ಪೂರ್ಣವಿರಾಮ.' ದಿನಕ್ಕೆ ಏಳು ಗಂಟೆ ಹೀಗೆ. ಸಂಜೆಗೆ ನಾಲಿಗೆ ನನ್ನದಲ್ಲ.

ಮೊದಲ ದಿನ ಕಾರಿನಲ್ಲಿ ಕೂತು, ಎಲ್ಲ ಧೈರ್ಯ ಒಟ್ಟುಮಾಡಿ, "ಇವತ್ತು ಮೋಡ ಜಾಸ್ತಿ ಅಲ್ಪವಿರಾಮ ಅಲ್ವಾ?" ಎಂದುಬಿಟ್ಟೆ.

ಅಕ್ಕ ಹಿಂದಿನಿಂದ ಇಣುಕಿದರು.

"ಪೂರ್ಣವಿರಾಮ ಯಾವಾಗ ಮೇಡಂ?" ಎಂದರು ತೂಕದ ಸರ್, ರಸ್ತೆಯಿಂದ ಕಣ್ಣು ತೆಗೆಯದೆ.

"ಮನೆ ಬಂದಾಗ," ಎಂದೆ.

ಆಗ ನಕ್ಕರು. ಆ ಆಯಾಸದ ಮುಖದಲ್ಲಿ ನಗು ಎಲ್ಲಿತ್ತೋ, ಹಳೆಯ ಬಟ್ಟೆಯ ಜೇಬಿನಲ್ಲಿ ಸಿಕ್ಕ ಚಾಕಲೇಟಿನ ಹಾಗೆ ಹೊರಬಂತು.

ನಾನು ಮಾತುಗಾತಿಯಲ್ಲ. ಏನು ಮಾತಾಡಲಿ ಎಂಬ ಭಯಕ್ಕೆ ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೆ ಐದು ವಿಷಯ ಬರೆದುಕೊಂಡು ಬರತೊಡಗಿದೆ. ಒಂದು: ಎದುರುಮನೆಯ ಬೆಕ್ಕು ನಮ್ಮ ಬೆಕ್ಕಾಗಲು ನೋಡುತ್ತಿದೆ. ಎರಡು: ನಿದ್ದೆಮಾತ್ರೆಯ ಹಾಳೆಯಲ್ಲಿ 'ತೂಕಡಿಕೆ ಬರಬಹುದು' ಎಂಬ ಎಚ್ಚರಿಕೆ ಯಾಕೆ? ಮೂರು: ಅಮ್ಮ ಹೇಳಿದ್ದು. ಅಮ್ಮನ ವಿಷಯ ಯಾವತ್ತೂ ಇರುತ್ತಿತ್ತು.

ಪುಸ್ತಕವನ್ನು ಗುಟ್ಟಾಗಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಎರಡನೇ ವಾರಕ್ಕೇ ಸಿಕ್ಕಿಬಿದ್ದೆ.

"ಮೇಡಂ, ಮೂರರಿಂದ ಐದಕ್ಕೆ ಹಾರಿದ್ರಿ."

"ಏನು?"

"ಪುಸ್ತಕದಲ್ಲಿ. ನಾಲ್ಕನೇದು ಏನಿತ್ತು?"

ಕಿವಿ ಬಿಸಿಯಾಯಿತು. ನಾಲ್ಕನೆಯದು 'ನಿಮಗೆ ರಾತ್ರಿ ಯಾಕೆ ನಿದ್ದೆಯಾಗುವುದಿಲ್ಲ?' ಎಂದು. ಕೇಳುವುದೋ ಬೇಡವೋ ತಿಳಿಯದೆ ಹಾರಿಸಿದ್ದೆ. ಕೇಳಿದೆ.

ಅವರು ಎರಡು ಸಿಗ್ನಲ್ ದಾಟಿ ಹೇಳಿದರು: "ಅಪ್ಪ. ರೈಲಿನಲ್ಲಿ ಗಾರ್ಡ್ ಆಗಿದ್ರು. ಈಗ ನೆನಪು ಹೋಗಿದೆ. ರಾತ್ರಿಯೆಲ್ಲ ಎದ್ದೆದ್ದು ಹಸಿರು ಬಾವುಟ ಹುಡುಕ್ತಾರೆ. 'ಗಾಡಿ ಬಿಡಬೇಕು ಕಣೋ, ಜನ ಕಾಯ್ತಿದ್ದಾರೆ' ಅಂತಾರೆ. ಬೀಗ ಹಾಕಿದ್ರೆ ಅಳ್ತಾರೆ. ಅದಕ್ಕೆ ನಾನೂ ಎದ್ದು ಜೊತೆಗೆ ಹುಡುಕ್ತೀನಿ."

"ಸಿಗುತ್ತಾ?"

"ನಾನೇ ಬಚ್ಚಿಟ್ಟಿರ್ತೀನಲ್ಲ. ಬೆಳಗಾಗೋ ಹೊತ್ತಿಗೆ ಕೊಡ್ತೀನಿ. ಗಾಡಿ ಬಿಟ್ಟು ಮಲಗ್ತಾರೆ."

ನಾನು ಕಿಟಕಿಯಾಚೆ ನೋಡಿದೆ. ಐದನೆಯ ವಿಷಯ ಅಂದು ಓದಲಾಗಲಿಲ್ಲ. ಓದಲು ಹೋದರೆ ಅಕ್ಷರಗಳು ಕಲಸಿಕೊಂಡವು.

* * *

ಹೀಗೇ ಎಂಟು ತಿಂಗಳು. ಪ್ರೀತಿ ಎಂಬ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಆದರೆ ಸಂಜೆ ಆರಕ್ಕೆ ಗೇಟಿನ ಬಳಿ ಆ ಬೂದುಬಣ್ಣದ ಕಾರು ಕಂಡಾಗ ದಿನದ ಭಾರವೆಲ್ಲ ಭುಜದಿಂದ ಇಳಿಯುತ್ತಿತ್ತು. ನಾನು ಬರುವ ಮುಂಚೆ ಅವರು ನನ್ನ ಕಾಲಿಗೆ ಜಾಗವಾಗುವಂತೆ ಸೀಟನ್ನು ಎರಡು ಹಲ್ಲು ಹಿಂದಕ್ಕೆ ತಳ್ಳಿಟ್ಟಿರುತ್ತಿದ್ದರು. ಬೆನ್ನಿಗೆ ಒಂದು ಪುಟ್ಟ ದಿಂಬು ಬಂತು. ಯಾರು ತಂದದ್ದು ಎಂದು ಯಾರೂ ಕೇಳಲಿಲ್ಲ. ಅಕ್ಕ ಮಾತ್ರ, "ನನ್ನ ಮಂಡಿಗೆ ದಿಂಬು ತರೋ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ," ಎಂದು ಕನ್ನಡಿಗೆ ಹೇಳಿದರು.

ಆ ಕನ್ನಡಿ! ಹಿಂದಿನ ಗಾಡಿ ನೋಡಲು ಇಟ್ಟ ಕನ್ನಡಿಯಿಂದ ಅವರ ಕಣ್ಣು ಒಮ್ಮೊಮ್ಮೆ ದಾರಿ ತಪ್ಪಿ ನನ್ನ ಕಡೆ ಬರುತ್ತಿತ್ತು. ನಾನು ನೋಡಿದರೆ ಸರಕ್ಕನೆ ರಸ್ತೆಗೆ ಮರಳುತ್ತಿತ್ತು, ತರಗತಿಗೆ ತಡವಾಗಿ ಬಂದ ವಿದ್ಯಾರ್ಥಿಯ ಹಾಗೆ.

ಗಂಟಲು ಕೆಟ್ಟದ್ದು ಆಗಲೇ. ಮೊದಲು ಬೆಳಿಗ್ಗೆ ದನಿ ಒಡೆಯುತ್ತಿತ್ತು. ಆಮೇಲೆ ಸಂಜೆಯೂ. ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, "ದನಿಯ ತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ. ಕೆಲಸದಲ್ಲಿ ಓದೋದು ಬಿಟ್ಟು ಬೇರೆಲ್ಲೂ ಮಾತಾಡಬೇಡಿ. ಕೇಳದಿದ್ರೆ ಆಪರೇಷನ್. ಆಮೇಲೆ ಈ ದನಿ ಹೀಗೇ ಇರುತ್ತೆ ಅಂತ ನಾನು ಹೇಳೋಕಾಗಲ್ಲ," ಎಂದರು.

ದನಿ ಹೋದರೆ ಓದುವ ಕೆಲಸ ಹೋಗುತ್ತದೆ. ಪ್ಯಾಕಿಂಗ್ ಹಾಲಿಗೆ ಕಳಿಸುತ್ತಾರೆ. ಹನ್ನೊಂದು ವರ್ಷ, ಸಂಜೆ ಕಾಲೇಜು, ಎಲ್ಲ ಆ ಡಬ್ಬಿಗಳ ಬೆಲ್ಟಿನ ಮೇಲೆ ಉರುಳಿಹೋಗುತ್ತದೆ.

ನಾನು ಲೆಕ್ಕ ಹಾಕಿದೆ. ಕೆಲಸದಲ್ಲಿ ಮಾತು ಬಿಡುವಂತಿಲ್ಲ. ಕಾರಿನಲ್ಲಿ ಬಿಟ್ಟರೆ ಅವರು ತೂಕಡಿಸುತ್ತಾರೆ, ನಾಲ್ಕು ಜೀವ. ಇನ್ನು ಉಳಿದದ್ದು ಮನೆ. ಮನೆಯಲ್ಲಿ ಬಾಯಿಗೆ ಬೀಗ ಹಾಕಿದೆ.

ಅಮ್ಮ ಮೂರು ದಿನ ಸಹಿಸಿದಳು. ನಾಲ್ಕನೆಯ ದಿನ ತಟ್ಟೆ ಕುಕ್ಕಿದಳು. "ಏನೇ ಇದು? ಮನೇಲಿ ಮೌನವ್ರತ, ಕಾರಲ್ಲಿ ಪುರಾಣ! ಹೆತ್ತ ತಾಯಿಗೆ ತಲೆ ಆಡಿಸೋದು, ಆ ಡ್ರೈವರಿಗೆ ಐದೈದು ವಿಷಯ!"

ಡ್ರೈವರ್ ಅಲ್ಲ ಎಂದು ಕೈಸನ್ನೆ ಮಾಡಿದೆ.

"ಗೊತ್ತು ಬಿಡು, ಡ್ರೈವರ್ ಅಲ್ಲ ಅಂತ. ಅದಕ್ಕೇ ಕೇಳಿದ್ದು."

ಕಾರಿನಲ್ಲಿ ದನಿ ತಗ್ಗಿಸಿ ಮಾತಾಡತೊಡಗಿದೆ. ಬಿಸಿನೀರಿನ ಫ್ಲಾಸ್ಕು ತಂದೆ. ವಿಷಯಗಳನ್ನು ಮೂರಕ್ಕೆ ಇಳಿಸಿದೆ. ಆದರೆ ನಾನು ಸುಮ್ಮನಾದ ಕೂಡಲೇ ಅವರು ದೊಡ್ಡದಾಗಿ ಆಕಳಿಸುತ್ತಿದ್ದರು. ಗುಟುಕು ಬಿಸಿನೀರು ಕುಡಿದು ಮತ್ತೆ ಶುರುಮಾಡುತ್ತಿದ್ದೆ. "ಅಂದಹಾಗೆ, ಆ ಬೆಕ್ಕು..."

ಗಂಟಲ ವಿಷಯ ಅವರಿಗೆ ಯಾಕೆ ಹೇಳಲಿಲ್ಲ? ಮನೆಯಲ್ಲಿ ಅಷ್ಟೊಂದು ಹೊತ್ತವರಿಗೆ ಇದೊಂದು ಭಾರ ಬೇಡ ಎಂದುಕೊಂಡೆ. ಅದು ಅರ್ಧ ನಿಜ. ಹೇಳಿದರೆ ಮುಂದಿನ ಸೀಟು ಹೋಗುತ್ತದಲ್ಲ, ಉಳಿದರ್ಧ ಅದು.

* * *

ಆ ಮಂಗಳವಾರ ಮಧ್ಯಾಹ್ನ ಮಕ್ಕಳ ಜ್ವರದ ಔಷಧಿಯ ಹಾಳೆ ಓದುತ್ತಿದ್ದೆ. 'ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ' ಎಂಬಲ್ಲಿ ದನಿ ಕಟ್ಟಿತು. ಕೆಮ್ಮಿ, ನೀರು ಕುಡಿದು ಮುಂದುವರಿಸಿದೆ. ಜೊತೆಗಾತಿ ಬೆರಳೆತ್ತಿದಳು.

"ಅಕ್ಕಾ, ಒಂದು ಸಾಲು ಬಿಟ್ರಿ."

"ಇಲ್ಲ," ಎಂದು ಪಿಸುಗುಟ್ಟಿದೆ.

ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಹಾರಿಸಿದ ಸಾಲು: 'ಡಾಕ್ಟರರ ಸಲಹೆಯಿಲ್ಲದೆ ಕೊಡಬಾರದು.'

ಅವಳ ಬೆರಳು ಅಲ್ಲಿರದಿದ್ದರೆ? ಅಚ್ಚಿನಲ್ಲೂ ಆ ಸಾಲು ಬಿಟ್ಟುಹೋಗಿದ್ದರೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೇ ಎದ್ದು ಮೇಲ್ವಿಚಾರಕರ ಬಳಿ ಹೋಗಿ ಹೇಳಿದೆ. ಹೇಳಿದೆ ಎಂದರೆ ಬರೆದು ತೋರಿಸಿದೆ. ಅವರು ಒಳ್ಳೆಯವರು. "ಹತ್ತು ದಿನ ಪೂರ್ತಿ ಮೌನವಾಗಿರಿ. ಫೈಲ್ ಕೆಲಸ ಮಾಡಿ. ಆಮೇಲೂ ದನಿ ಬರದಿದ್ರೆ ನೋಡೋಣ," ಎಂದರು. 'ನೋಡೋಣ' ಎಂಬುದು ಪ್ಯಾಕಿಂಗ್ ಹಾಲಿನ ಕಡೆ ನೋಡುತ್ತಿತ್ತು.

ಹತ್ತು ದಿನ ಒಂದು ಮಾತೂ ಇಲ್ಲ. ಹಾಗಾದರೆ ಅವರನ್ನು ಎಚ್ಚರವಾಗಿಡುವವರು ಯಾರು? ಐದೂವರೆಗೇ ಕ್ಯಾಂಟೀನಿಗೆ ಹೋಗಿ ಅಕ್ಕನ ಮುಂದೆ ಚೀಟಿ ಹಿಡಿದೆ: 'ನನ್ನ ಗಂಟಲು ಹೋಗಿದೆ. ದಯವಿಟ್ಟು ನೀವು ಮುಂದೆ ಕೂತು ಸರ್ ನಿದ್ದೆ ಹೋಗದ ಹಾಗೆ ನೋಡಿಕೊಳ್ಳಿ.'

ಅಕ್ಕ ಓದಿ, ಸೌಟು ಕೆಳಗಿಟ್ಟರು.

"ಗಂಟಲು ಹೋಗೋವರೆಗೂ ಮಾತಾಡಿದ್ಯಾ ಹುಡುಗಿ? ಅವರಿಗೆಲ್ಲಿ ನಿದ್ದೆ? ಅವರಪ್ಪ ಮೂರು ತಿಂಗಳಿಂದ ಮಗಳ ಮನೇಲಿದ್ದಾರಲ್ಲ. ನಮ್ಮ ಬೀದೀನೇ. ದಿನಾ ಗೇಟಿನ ಹತ್ರ ಕೂತು ನನಗೆ ಹಸಿರು ಬಾವುಟ ತೋರಿಸ್ತಾರೆ. ಸರ್ ಈಗ ಒಂಬತ್ತಕ್ಕೇ ಮಲಗ್ತಾರಂತೆ, ಅವರ ತಂಗಿ ಹೇಳಿದ್ಳು." ನನ್ನ ಮುಖ ನೋಡಿ ಅಕ್ಕ ತಡೆದರು. "ನಿನಗೆ ಗೊತ್ತಿರ್ಲಿಲ್ವಾ? ಅಯ್ಯೋ. ಗೊತ್ತಿದ್ದೂ ಇಬ್ರೂ ಆಟ ಆಡ್ತಿದ್ದೀರಿ ಅಂದ್ಕೊಂಡಿದ್ದೆ."

ಮೂರು ತಿಂಗಳು! ಒಂದು ಗ್ರಾಮಿನ ಸುಳ್ಳನ್ನೂ ಬಿಡದೆ ಹಿಡಿಯುವ ಮನುಷ್ಯ ಮೂರು ತಿಂಗಳು ಸುಳ್ಳು ಆಕಳಿಕೆ ಆಕಳಿಸಿದ್ದ. ತಪ್ಪು ಹಿಡಿಯುವುದೇ ಕೆಲಸವಾದ ನಾನು ಮೂರು ತಿಂಗಳು ಅದನ್ನು ನಂಬಿದ್ದೆ. ಈಗ ನೆನಪಾಯಿತು. ಮೊದಮೊದಲ ಆಕಳಿಕೆಯಲ್ಲಿ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಈಚಿನದರಲ್ಲಿ ಬಾಯಿ ಮಾತ್ರ ತೆರೆಯುತ್ತಿತ್ತು, ಬೆರಳುಗಳು ಸ್ಟೀರಿಂಗಿನ ಮೇಲೆ ಖುಷಿಯಾಗಿ ತಾಳ ಹಾಕುತ್ತಿದ್ದವು.

ಆ ಸಂಜೆ ನಾನು ಹಿಂದಿನ ಸೀಟಿನಲ್ಲಿ ಕೂತೆ. ಅವರು ತಳ್ಳಿಟ್ಟ ಸೀಟು, ಪುಟ್ಟ ದಿಂಬು ಹಾಗೇ ಇದ್ದವು. ಅಕ್ಕ ಮುಂದೆ ಕೂತು, ಮೊದಲ ಬಾರಿಗೆ, ಒಂದು ಮಾತೂ ಆಡಲಿಲ್ಲ.

"ಮೇಡಂ? ಹುಷಾರಿಲ್ವಾ?" ಎಂದಿತು ಕನ್ನಡಿ.

ನಾನು ಕಿಟಕಿ ನೋಡಿದೆ.

ಎರಡು ಸಿಗ್ನಲ್ ಆದ ಮೇಲೆ, ಅಭ್ಯಾಸಬಲದಿಂದಲೋ ಆಸೆಯಿಂದಲೋ, ಅವರು ಆಕಳಿಸಿದರು.

ಮನೆ ಬಂದಾಗ ಇಳಿದು, ಅವರ ಕಿಟಕಿಯೊಳಗೆ ಒಂದು ಬಿಳಿ ಚೀಟಿ ಹಾಕಿದೆ. 'ನಿಮ್ಮ ಆಕಳಿಕೆ ಸುಳ್ಳು ಎಂದು ಇವತ್ತು ಗೊತ್ತಾಯಿತು. ನನ್ನ ಗಂಟಲು ನಿಜವಾಗಿ ಹಾಳಾಗಿದೆ. ನಾಳೆಯಿಂದ ಬಸ್ಸಿನಲ್ಲಿ ಹೋಗುತ್ತೇನೆ.'

* * *

ಎರಡು ಬಸ್ಸು, ಒಂದೂ ಮುಕ್ಕಾಲು ಗಂಟೆ. ಮೊದಲ ದಿನ ಸಿಟ್ಟಿನಲ್ಲಿ ಕಾಲು ನೋಯಲಿಲ್ಲ. ಎರಡನೆಯ ದಿನ ನೋಯಿತು. ಕಂಬಿ ಹಿಡಿದು ನಿಂತೇ ನಿದ್ದೆ ಮಾಡಿ ಯಾರದೋ ಹೆಗಲಿಗೆ ಹಣೆ ತಾಗಿಸಿ ಬೈಸಿಕೊಂಡೆ. ಕ್ಷಮಿಸಿ ಎನ್ನಲೂ ಬಾಯಿಲ್ಲ.

ಸಿಟ್ಟು ಇಳಿದಂತೆ ಇನ್ನೊಂದು ಯೋಚನೆ ಹತ್ತಿತು. ಅವರು ಸುಳ್ಳು ಆಕಳಿಸಿದರು, ಸರಿ. ನಾನು ಫ್ಲಾಸ್ಕು ತಂದೆ, ದನಿ ತಗ್ಗಿಸಿದೆ, ಕೇಳಿದಾಗ 'ಸ್ವಲ್ಪ ಶೀತ' ಎಂದೆ. ನನ್ನದೂ ಸುಳ್ಳೇ. ಅವರು ಗಂಟಲು ಕೆಡಿಸಲು ಹೊರಟವರಲ್ಲ. ಗೊತ್ತಿದ್ದರೆ ತಾನೇ ಕೆಡಿಸುವುದು? ಬಸ್ಸಿನಲ್ಲಿ ನಿಂತು ಅವರ ಪರವಾಗಿಯೂ ನನ್ನ ಪರವಾಗಿಯೂ ನಾನೇ ವಾದಿಸಿ, ಎರಡೂ ಕಡೆ ಸೋತು ಮನೆಗೆ ಬರುತ್ತಿದ್ದೆ.

ಮೂರನೆಯ ದಿನ ಊಟದ ಹೊತ್ತಿಗೆ ಅಕ್ಕ ನನ್ನ ಮೇಜಿಗೇ ಬಂದರು. ಕುಂಟುತ್ತಿದ್ದರು.

"ನೋಡು, ನಿಮ್ಮಿಬ್ಬರ ಜಗಳ ನನ್ನ ಮಂಡಿಗೆ ಬಂತು. ಮೂರೇ ಜನ ಅಂತ ಕಾರನ್ನ ಗೇಟಿನೊಳಗೆ ಬಿಡ್ತಿಲ್ಲ. ಬಯಲಿನಿಂದ ಇಪ್ಪತ್ತು ನಿಮಿಷ ನಡೀಬೇಕು. ಹೊಸಬರನ್ನ ಸೇರಿಸ್ಕೊಳ್ಳಿ, ಬೋರ್ಡಿನ ತುಂಬ ಬಿಳಿ ಚೀಟಿ ಇದೆ ಅಂದೆ. 'ಆ ಸೀಟು ಖಾಲಿ ಇಲ್ಲ ಅಕ್ಕ' ಅಂತಾರೆ! ಖಾಲಿ ಸೀಟಿನ ಪಕ್ಕ ಕೂತು ಖಾಲಿ ಇಲ್ಲ ಅನ್ನೋರಿಗೆ ಏನ್ ಹೇಳ್ಲಿ?"

ನಾನು ತಲೆ ತಗ್ಗಿಸಿದೆ.

"ಇನ್ನೊಂದು ಕೇಳು. ನಮ್ಮ ಕುಂಭಕರ್ಣನಿಗೆ ನಿದ್ದೇನೇ ಬರ್ತಿಲ್ಲ. 'ಮೇಡಂ ದನಿ ಇಲ್ದೆ ಕಣ್ಣು ಮುಚ್ಚಲ್ಲ ಅಕ್ಕ' ಅಂತ ಗೋಳಾಡ್ತಾನೆ. ನಿನ್ನ ಮಾತು ಒಬ್ಬರನ್ನ ಎಬ್ಬಿಸ್ತಿತ್ತು, ಒಬ್ಬರನ್ನ ಮಲಗಿಸ್ತಿತ್ತು. ಅಂಥ ಔಷಧಿ ನಿಮ್ಮ ಕಂಪನೀಲೂ ಇಲ್ಲ."

ನಗು ಬಂತು. ದನಿಯಿಲ್ಲದೆ ನಕ್ಕೆ. ಕಣ್ಣಲ್ಲಿ ಮಾತ್ರ ನೀರು.

* * *

ನಾಲ್ಕನೆಯ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಬೂದುಬಣ್ಣದ ಕಾರು ಬಂದು ನಿಂತಿತು. ಹಿಂದೆ ಅಕ್ಕ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಕುಂಭಕರ್ಣ ಕೆಂಗಣ್ಣು ಬಿಟ್ಟುಕೊಂಡು ಕೂತಿದ್ದ. ತೂಕದ ಸರ್ ಇಳಿದು ಬಂದರು. ಕಣ್ಣಿನ ಕೆಳಗೆ ಆ ಹಳೆಯ ಕಪ್ಪು ಮರಳಿತ್ತು. ಈ ಸಲ ಅದು ಅವರಪ್ಪ ಕೊಟ್ಟದ್ದಲ್ಲ.

"ಮೇಡಂ, ನೀವು ಮಾತಾಡಬೇಡಿ. ದಯವಿಟ್ಟು ಒಂದಕ್ಷರಾನೂ ಬೇಡ," ಎಂದರು. ಕೈಯಲ್ಲಿ ಒಂದು ಹಳದಿ ಚೀಟಿ. ಬೆವರಿಗೆ ಅಂಚು ಮೆತ್ತಗಾಗಿತ್ತು. "ಇವತ್ತು ನಾನು ಮಾತಾಡ್ತೀನಿ. ಬರೆದುಕೊಂಡು ಬಂದಿದ್ದೀನಿ. ಐದು ವಿಷಯ ಇದೆ. ಕೇಳಿ ಆಮೇಲೆ ಬಸ್ ಹತ್ತಿ."

ಬಸ್ಸಿಗೆ ಕಾಯುತ್ತಿದ್ದ ಆರೇಳು ಜನ ಪತ್ರಿಕೆ ಮಡಚಿದರು.

"ಒಂದು. ತೂಕದ ಬಟ್ಟುಗಳನ್ನ ಬರಿಗೈಲಿ ಮುಟ್ಟಬಾರದು. ಕೈ ಬೆವರಿನ ತೂಕಾನೂ ಸೇರ್ಕೊಳ್ಳುತ್ತೆ. ಅದಕ್ಕೆ ಕೈಗವಸು." ಅವರು ಗಂಟಲು ಸರಿಮಾಡಿಕೊಂಡರು. "ಇದನ್ನ ಯಾಕೆ ಬರೆದೆ ಅಂದ್ರೆ, ಬೇರೇನೂ ಹೊಳೀಲಿಲ್ಲ. ದಿನಾ ಐದು ವಿಷಯ ಹುಡುಕೋದು ಎಷ್ಟು ಕಷ್ಟ ಅಂತ ನಿನ್ನೆ ಗೊತ್ತಾಯ್ತು.

"ಎರಡು. ಅಪ್ಪನ್ನ ತಂಗಿ ಕರ್ಕೊಂಡು ಹೋದ ಮಾರನೇ ದಿನ ನಾನು ಎಂಟು ಗಂಟೆ ನಿದ್ದೆ ಮಾಡಿ ಬಂದೆ. ನಿಮಗೆ ಹೇಳೋಣ ಅಂತಲೇ ಬಂದೆ. ನೀವು ಕೂತ್ರಿ, ಪುಸ್ತಕ ತೆಗೆದ್ರಿ. ನನಗೆ ನಿದ್ದೆ ಆಗಿದೆ ಅಂತ ಗೊತ್ತಾದ್ರೆ ನೀವು ಪುಸ್ತಕ ಮುಚ್ಚಿಬಿಡ್ತೀರಿ ಅನ್ನಿಸ್ತು. ಹೇಳೋಕೆ ಬಾಯಿ ತೆರೆದೆ. ಮಾತು ಬರ್ಲಿಲ್ಲ. ತೆರೆದ ಬಾಯಿ ಏನ್ ಮಾಡೋದು, ಆಕಳಿಸಿಬಿಟ್ಟೆ."

ಕಾರಿನೊಳಗಿಂದ ಅಕ್ಕ ಕೆಮ್ಮಿದರು.

"ಮೂರು. ನಿಮ್ಮ ಗಂಟಲು ಹಾಳಾಗ್ತಿತ್ತು, ನಾನು ತಾಳ ಹಾಕ್ತಿದ್ದೆ. ಪಕ್ಕದಲ್ಲೇ ಕೂತಿದ್ದೆ, ದನಿ ಒಡೆಯೋದು ಕೇಳ್ತಿತ್ತು, ಶೀತ ಅಂದ್ಕೊಂಡೆ. ತೂಕ ನೋಡೋನಿಗೆ ಇದು ತಿಳೀಲಿಲ್ಲ. ಇದಕ್ಕೆ ಕ್ಷಮೆ ಕೇಳೋಕೆ ಮಾತು ಹುಡುಕಿದೆ. ಸಿಗಲಿಲ್ಲ. ಹಾಗೇ ಖಾಲಿ ಬಿಟ್ಟಿದ್ದೀನಿ."

ಚೀಟಿಯನ್ನು ನನ್ನತ್ತ ತಿರುಗಿಸಿದರು. ಮೂರರ ಮುಂದೆ ನಿಜವಾಗಿಯೂ ಖಾಲಿ ಜಾಗವಿತ್ತು. ಹಾಳೆ ಅಲ್ಲಿ ಮಾತ್ರ ಉಜ್ಜಿ ಉಜ್ಜಿ ತೆಳುವಾಗಿತ್ತು.

"ನಾಲ್ಕು." ಆ ಎಡಗಣ್ಣು ಕಿರಿದಾಯಿತು. ಈ ಸಲ ನಗೆಯಿಂದಲ್ಲ. "ನಿಮ್ಮ ಜೊತೆ ಇರಬೇಕು ಅಂತ ಆಸೆ. ಕಾರಲ್ಲಿ ಅಲ್ಲ. ಅಂದ್ರೆ, ಕಾರಲ್ಲೂ ಸರಿ. ಮನೇಲೂ. ನೀವು ಮಾತಾಡಿದ್ರೂ ಸರಿ, ಆಡದಿದ್ರೂ ಸರಿ. ಆ ದನಿ ಇನ್ನು ಬರೋದೇ ಇಲ್ಲ ಅಂದ್ರೂ ಸರಿ. ಅಪ್ಪನ್ನ ತಿಂಗಳು ಕಳೆದ್ರೆ ವಾಪಸ್ ಕರ್ಕೊಂಡು ಬರ್ಬೇಕು, ಅದನ್ನೂ ಹೇಳ್ಬೇಕು ನಿಮಗೆ. ಮತ್ತೆ ರಾತ್ರಿ ಬಾವುಟ ಹುಡುಕೋದು ಇರುತ್ತೆ. ಇದರಲ್ಲಿ ಒಂದು ಗ್ರಾಮೂ ಕಮ್ಮಿ ಮಾಡಿ ಹೇಳಿಲ್ಲ."

ನನ್ನ ಬಸ್ಸು ಬಂತು. ಬಾಗಿಲು ತೆರೆಯಿತು. ಕಾಯುತ್ತಿದ್ದವರಲ್ಲಿ ಒಬ್ಬರೂ ಹತ್ತಲಿಲ್ಲ. ಕಂಡಕ್ಟರು ಬೈದು ಬಾಗಿಲು ಹಾಕಿಕೊಂಡು ಹೋದ.

ನಾನು ಐದು ಬೆರಳು ತೋರಿಸಿದೆ. ಐದನೆಯದು?

"ಐದನೇದು ಹಿಂದುಗಡೆ ಇದೆ," ಎಂದು ಚೀಟಿಯನ್ನೇ ಕೊಟ್ಟುಬಿಟ್ಟರು.

ತಿರುಗಿಸಿದೆ. ಮೊದಲ ದಿನದಂತೆಯೇ ಹೊರಡುವ ಜಾಗ, ಸೇರುವ ಜಾಗ, ಸಮಯ. ಕೊನೆಯಲ್ಲಿ: 'ಷರತ್ತು: ಮುಂದಿನ ಸೀಟಿನವರು ಮಾತಾಡಬೇಕಾಗಿಲ್ಲ. ನಿದ್ದೆ ಬಂದರೆ ಮಾಡಬಹುದು. ಎಚ್ಚರವಾಗಿರುವುದು ನನ್ನ ಕೆಲಸ.'

ಮೂರು ಸಲ ಓದಿದೆ. ಅವರು ಕಾದರು. ನನ್ನ ರೋಗ ಅವರಿಗೆ ಗೊತ್ತು.

ಚೀಲದಿಂದ ಕೆಂಪು ಪೆನ್ನು ತೆಗೆದೆ. ನಾನು ಓದಿ ಮುಗಿಸಿದ ಪ್ರತಿ ಹಾಳೆಯ ಕೆಳಗೂ, ಇನ್ನು ತಪ್ಪಿಲ್ಲ ಎಂದಾದರೆ, ಒಂದು ಮಾತು ಬರೆದು ಸಹಿ ಹಾಕುತ್ತೇನೆ. ಹನ್ನೊಂದು ವರ್ಷದಲ್ಲಿ ಅದನ್ನು ಬರೆಯುವಾಗ ಒಂದು ಸಲವೂ ಅನುಮಾನವಿಲ್ಲದೆ ಬರೆದವಳಲ್ಲ. ಇಂದು ಕಾರಿನ ಬಾನೆಟ್ಟಿನ ಮೇಲಿಟ್ಟು ಬರೆದೆ: 'ಸರಿಯಾಗಿದೆ. ಅಚ್ಚಿಗೆ ಹೋಗಬಹುದು.' ಸಹಿ. ದಿನಾಂಕ.

ಅವರು ಅದನ್ನು ಓದಿದರು. ಮೂರು ಸಲ.

"ಏನಂತೆ? ಏನಂತೆ?" ಎಂದು ಅಕ್ಕ ಕಿಟಕಿಯಿಂದ ಅರ್ಧ ದೇಹ ಹೊರಹಾಕಿದರು. "ಯಾರಾದ್ರೂ ಗಟ್ಟಿಯಾಗಿ ಓದ್ರಪ್ಪ!"

ಯಾರೂ ಓದಲಿಲ್ಲ. ನಾನು ಮುಂದಿನ ಬಾಗಿಲು ತೆರೆದು ಕೂತೆ. ಸೀಟು ಎರಡು ಹಲ್ಲು ಹಿಂದಕ್ಕೇ ಇತ್ತು. ದಿಂಬು ಬೆನ್ನಿಗೆ ಸರಿಯಾಗಿ ಬಂತು. ಕಾರು ಹೊರಟಿತು. ಅವರು ಏನೋ ಹೇಳತೊಡಗಿದರು, ಗೋಣಿಚೀಲ ತೂಗುವ ಯಂತ್ರದಲ್ಲಿ ಇಲಿ ಮನೆ ಮಾಡಿದ ಕಥೆ. ಕೆಟ್ಟದಾಗಿ ಹೇಳುತ್ತಿದ್ದರು. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಟ್ಟು, ಆಮೇಲೆ ತಡಕಾಡುತ್ತಿದ್ದರು. ನಾನು ಎರಡನೆಯ ಸಿಗ್ನಲ್‌ವರೆಗೆ ಕೇಳಿದೆ. ಗೇರಿನ ಮೇಲಿದ್ದ ಅವರ ಕೈಯ ಪಕ್ಕ ನನ್ನ ಕೈ ಇಟ್ಟೆ. ಅವರು ಕೈಗವಸು ಹಾಕಿರಲಿಲ್ಲ.

ಆಮೇಲೆ ಎಷ್ಟು ವರ್ಷದ ಆಯಾಸವೋ, ಎಲ್ಲ ಒಟ್ಟಿಗೆ ರೆಪ್ಪೆಗಳ ಮೇಲೆ ಬಂದು ಕೂತಿತು. ಬಸ್ಸುಗಳು, ಸಂಜೆ ಕಾಲೇಜಿನ ಕೊನೆಯ ಬೆಂಚು, ಅಲ್ಪವಿರಾಮಗಳು, ಎಲ್ಲ. ನಾನು ತಡೆಯಲಿಲ್ಲ.

ಗೇಟಿನ ಬಳಿ ಕಾರು ನಿಂತದ್ದು ಅರೆಬರೆ ತಿಳಿಯಿತು. ಕಾವಲುಗಾರ ಬಗ್ಗಿ ತಲೆ ಎಣಿಸುತ್ತಿದ್ದ. "ಒಂದು, ಎರಡು, ಮೂರು... ಮೇಡಂ? ಮೇಡಂ?"

ಹಿಂದಿನ ಸೀಟಿನಿಂದ ಕುಂಭಕರ್ಣನ ದನಿ ಕೇಳಿತು, ಪಿಸುಮಾತಿನಲ್ಲಿ:

"ಎಣಿಸ್ಕೊಳ್ಳಿ ಮಾರಾಯ್ರೆ. ಎಬ್ಬಿಸ್ಬೇಡಿ."